ಪಾನದಲ್ಲಿ ಪಂಕ್ತಿಭೇದ

ಮದ್ಯಪಾನವು ಒಳ್ಳೆಯದೋ ಕೆಟ್ಟದೋ ಎಂಬ ಪ್ರಶ್ನೆಯು ವಿದ್ಯಾವಂತರ ಮನೆಗಳಲ್ಲಿ ಈಗ ಹಳೆಯದಾಗಿ ಹೋಗಿದೆ. ಅದು ಎದ್ದುಹೋದ ಮಣೆಯ ಮೇಲೆ ಬೇರೊಂದು ಪ್ರಶ್ನೆಯು ಬಂದು ಕುಳಿತಿದೆ: ಕುಡಿಯತಕ್ಕವನು ಏನನ್ನು ಕುಡಿಯುತ್ತಾನೆ? ಜವೆಗೋದಿಯ ಮಾಲ್ಟಿನಿಂದಾದ ವಿಸ್ಕಿಯ ಹೊರತು ಬೇರೊಂದನ್ನು ಮುಟ್ಟದವನು ಅಭಿರುಚಿಯುಳ್ಳವನು. ಊಟದೊಡನೆ ದ್ರಾಕ್ಷಿಯ ವೈನನ್ನು ಮೆಲ್ಲಗೆ ಹೀರುವವನು ಸುಸಂಸ್ಕೃತನು. ಬೀರು ಕುಡಿಯುವವನು ಇನ್ನೂ ತರುಣನು, ಕ್ಷಮಾರ್ಹನು. ರಮ್ ಕುಡಿಯುವವನು ದಂಡಿನಲ್ಲಿದ್ದು ಬಂದವನಾಗಿರಬೇಕು. ಸೇಂದಿ ಕುಡಿಯುವವನು ಮಾತ್ರ ಕುಡುಕನು. ಈ ಏಣಿಯನ್ನು ಯಾರೂ ಬರೆದಿಟ್ಟಿಲ್ಲ, ಯಾವ ಶಾಲೆಯಲ್ಲಿಯೂ ಪಾಠ ಹೇಳಿಲ್ಲ. ಆದರೂ ಎಲ್ಲರಿಗೂ ಕಂಠಸ್ಥವಾಗಿದೆ. ಹೆಣ್ಣು ಕೊಡುವ ಮಾತುಕತೆಯಲ್ಲಿ "ಹುಡುಗ ಸಮಾರಂಭಗಳಲ್ಲಿ ಮಾತ್ರ, ಅದೂ ಒಳ್ಳೆಯದನ್ನೇ" ಎಂದು ವರನ ತಂದೆಯು ನುಡಿದರೆ ಬೀಗರು ತಲೆದೂಗುತ್ತಾರೆ. ಅದೇ ಹುಡುಗನು ವಾರಕ್ಕೊಮ್ಮೆ ಈಚಲ ಹೆಂಡವನ್ನು ಕುಡಿಯುತ್ತಾನೆಂದು ತಿಳಿದರೆ ಜಾತಕವನ್ನು ಹಿಂದಕ್ಕೆ ಕೇಳುತ್ತಾರೆ.

ಊಟದಲ್ಲಿ ಪಂಕ್ತಿಭೇದವು ಅನಾಗರಿಕವೆಂದು ಸಭೆಗಳಲ್ಲಿ ವಾದಿಸತಕ್ಕ ಮಹಾಶಯರೇ ಪಾನದಲ್ಲಿ ಈ ಪಂಕ್ತಿಭೇದವನ್ನು ಮಡಿಯಿಂದ ನಡೆಸಿಕೊಂಡು ಬರುತ್ತಿದ್ದಾರೆ. ಕಾರಣವನ್ನು ಕೇಳಿದರೆ ಒಬ್ಬರು ರುಚಿಯೆನ್ನುತ್ತಾರೆ, ಮತ್ತೊಬ್ಬರು ಆರೋಗ್ಯವೆನ್ನುತ್ತಾರೆ, ಸ್ವಲ್ಪ ಓದಿಕೊಂಡವರು, ಪೂರ್ವಿಕರೂ ಪಾನಗಳಲ್ಲಿ ಉತ್ತಮಾಧಮಗಳನ್ನು ಹೇಳಿಲ್ಲವೇ ಎಂದು ಪರಂಪರೆಯನ್ನೇ ಸಾಕ್ಷಿಗೆ ಕರೆಯುತ್ತಾರೆ. ಸಾಕ್ಷಿಯನ್ನು ಕರೆದ ಮೇಲೆ ಅದು ಹೇಳುವುದನ್ನು ಪೂರ್ತಿಯಾಗಿ ಕೇಳುವುದು ನ್ಯಾಯವಾದುದರಿಂದ ಅಲ್ಲಿಂದಲೇ ಆರಂಭಿಸಬಹುದು.

ಪೂರ್ವಿಕರು ಭೇದವನ್ನು ಹೇಳಿದ್ದಾರೆಂಬುದು ನಿಜ. ಹಳೆಯ ಪಾಠಶಾಲೆಗಳಲ್ಲಿ ಅಮರಕೋಶವನ್ನು ಉರುಹಚ್ಚಿದ ಹುಡುಗರು ಸುರೆಯ ವಾಸನೆಯನ್ನೂ ಕಾಣದೆ ಅದರ ಹೆಸರುಗಳನ್ನು ಒಂದೇ ಉಸಿರಿನಲ್ಲಿ ಒಪ್ಪಿಸುತ್ತಿದ್ದರು: ಹಲಿಪ್ರಿಯಾ, ಗಂಧೋತ್ತಮಾ, ಪ್ರಸನ್ನಾ, ಕಾದಂಬರೀ. ಈ ಹೆಸರುಗಳು ಆ ಕೋಶದಲ್ಲಿ ಯಾವ ವರ್ಗದಲ್ಲಿ ಬರುತ್ತವೆಂಬುದನ್ನು ಮಾತ್ರ ಇಂದಿನ ರಸಿಕರು ನೆನಪಿಡುವುದಿಲ್ಲ. ಅವು ಬರುವುದು ಶೂದ್ರವರ್ಗದಲ್ಲಿ. ಹೆಸರುಗಳು ಗಂಧೋತ್ತಮವಾದರೂ ಕೋಶಕಾರನು ಕೂಡಿಸಿದ ಪಂಕ್ತಿಯು ಅದು! ಮನುವು ಸುರೆಯನ್ನು ಮೂರಾಗಿ ವಿಂಗಡಿಸಿದನು: ಬೆಲ್ಲದಿಂದಾದುದು ಗೌಡೀ, ಹಿಟ್ಟಿನಿಂದಾದುದು ಪೈಷ್ಟೀ, ಮಧುವಿನಿಂದಾದುದು ಮಾಧ್ವೀ. ವಿಂಗಡಿಸಿದ ಕೂಡಲೆ, ಒಂದು ಹೇಗೋ ಮೂರೂ ಹಾಗೆಯೇ ಎಂದು, ದ್ವಿಜೋತ್ತಮರಿಗೆ ಮೂರನ್ನೂ ನಿಷೇಧಿಸಿದನು. ಅಂದರೆ ವಿಂಗಡಣೆಯು ಆರಿಸಿಕೊಳ್ಳುವುದಕ್ಕಾಗಿ ಹುಟ್ಟಿದುದಲ್ಲ. ಯಾವುದೊಂದೂ ತಪ್ಪಿಸಿಕೊಳ್ಳದಿರಲೆಂದು ಹುಟ್ಟಿದುದು.

ಕನ್ನಡಿಗರಿಗೆ ಈ ವಿಷಯದಲ್ಲಿ ಇನ್ನೂ ಹತ್ತಿರದ ಸಾಕ್ಷಿಯೊಬ್ಬನುಂಟು. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ಕಲ್ಯಾಣದಲ್ಲಿ ಕುಳಿತು ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನವನ್ನು ಬರೆದನು. ದಾಯಭಾಗದ ವಿಷಯದಲ್ಲಿ ಬಂಗಾಳವನ್ನುಳಿದು ಭಾರತದ ಬಹುಭಾಗವು ಈ ಗ್ರಂಥವನ್ನು ಪ್ರಮಾಣವಾಗಿ ಅಂಗೀಕರಿಸಿತೆಂಬುದು ಪ್ರಸಿದ್ಧವೇ ಆಗಿದೆ. ಅದೇ ಗ್ರಂಥದ ಪ್ರಾಯಶ್ಚಿತ್ತಾಧ್ಯಾಯದಲ್ಲಿ ಸುರೆಯೆಂದರೆ ಏನೆಂಬ ಚರ್ಚೆಯು ಬಂದಿದೆ. ಸುರಾಶಬ್ದಕ್ಕೆ ಮುಖ್ಯಾರ್ಥವು ಪೈಷ್ಟಿಯೇ, ಎಂದರೆ ಧಾನ್ಯದ ಹಿಟ್ಟಿನಿಂದಾದ ಪಾನವೇ, ಎಂಬುದು ಅವನ ನಿರ್ಣಯ. ಆ ಪೈಷ್ಟಿಯು ಮೂರು ವರ್ಣಗಳವರಿಗೂ ನಿಷಿದ್ಧ. ಗೌಡೀ ಮಾಧ್ವಿಗಳೂ ಉಳಿದ ಮದ್ಯಗಳೂ ಬ್ರಾಹ್ಮಣನಿಗೆ ಮಾತ್ರ ನಿಷಿದ್ಧ. ಇದಕ್ಕೆ ಆಧಾರವಾಗಿ ಅವನು ಪುಲಸ್ತ್ಯನ ವಚನವೊಂದನ್ನು ಉದಾಹರಿಸುತ್ತಾನೆ. ಅದರಲ್ಲಿ ಹಲಸಿನಿಂದ ಮೊದಲುಮಾಡಿ ದ್ರಾಕ್ಷಿ, ಇಪ್ಪೆ, ಖರ್ಜೂರ, ತಾಳೆ, ಕಬ್ಬು ಇವುಗಳನ್ನೆಲ್ಲ ಹಾದು ತೆಂಗಿನವರೆಗೆ ಹನ್ನೊಂದು ಮದ್ಯಗಳು ಎಣಿಸಲ್ಪಟ್ಟಿವೆ. ಈ ಹನ್ನೊಂದೂ ಪರಸ್ಪರ ಸಮಾನವೆಂದು ಹೇಳಿದೆ. ಹನ್ನೆರಡನೆಯದಾದ ಸುರೆಯು ಎಲ್ಲಕ್ಕಿಂತಲೂ ಅಧಮವೆಂದು ಮುಗಿಸಿದೆ.

ಪರಂಪರೆಯನ್ನು ಸಾಕ್ಷಿಗೆ ಕರೆದವರು ಈ ಮಾತನ್ನು ಎರಡು ಸಲ ಓದಬೇಕು. ದ್ರಾಕ್ಷಿಯ ಮದ್ಯವೂ ತಾಳೆಯ ಹೆಂಡವೂ ತೆಂಗಿನ ಕಳ್ಳೂ ಒಂದೇ ಪಂಕ್ತಿಯಲ್ಲಿ, ಒಂದೇ ಎಲೆಗೆ! ಖರ್ಜೂರವೂ ಅಲ್ಲಿಯೇ ಇದೆ. ಈಚಲಾದರೋ ಖರ್ಜೂರದ ಒಡಹುಟ್ಟು. ಪಂಕ್ತಿಯಿಂದ ಹೊರಗೆ ಕೂಡಿಸಲ್ಪಟ್ಟಿರುವುದು ಧಾನ್ಯದ ಪಾನವೊಂದೇ. ಮಾಲ್ಟೆಂದರೆ ಮೊಳಕೆ ಬರಿಸಿ ಒಣಗಿಸಿದ ಜವೆಗೋದಿ, ಧಾನ್ಯ. ಆದುದರಿಂದ ಇಂದಿನ ಏಣಿಯ ತುತ್ತತುದಿಯಲ್ಲಿರುವುದು ಪುಲಸ್ತ್ಯನ ಎಣಿಕೆಯಲ್ಲಿ ಕಟ್ಟಕಡೆಯದು. ಇಂದಿನ ಏಣಿಯ ಬುಡದಲ್ಲಿರುವುದು ಅವನಲ್ಲಿ ದ್ರಾಕ್ಷಿಗೆ ಸರಿಸಮಾನವಾದುದು. ಅಂದಿನ ಸುರೆಯು ಹುಳಿಯಿಸಿದುದು, ಇಂದಿನ ವಿಸ್ಕಿಯು ಬಟ್ಟಿಯಿಳಿಸಿದುದು ಎಂದು ಆಕ್ಷೇಪಿಸಬಹುದು. ಶಾಸ್ತ್ರಕಾರರು ಹೆಸರಿಟ್ಟಿರುವುದು ಮೂಲದ್ರವ್ಯದಿಂದಲೇ ಹೊರತು ಪಾತ್ರೆಯಿಂದಲ್ಲ. ಬಟ್ಟಿಯಿಳಿಸಿದ ಮಾತ್ರಕ್ಕೆ ಹಿಟ್ಟು ಹಣ್ಣಾಗುವುದಿಲ್ಲ.

ಶಾಸ್ತ್ರವನ್ನು ಹೀಗೆ ಉದಾಹರಿಸಿದುದರಿಂದ ಅದರ ವರ್ಣಭೇದವನ್ನು ಸಮರ್ಥಿಸಿದಂತಾಗಲಿಲ್ಲ. ಅಲ್ಲಿಯೂ ಭೇದವಿದ್ದದ್ದು ಕುಡಿಯುವವರಲ್ಲಿ. ಆದರೆ ಅದನ್ನು ಅವರು ಬಾಯಿಬಿಟ್ಟು ಹೇಳಿದರು. ಕೌಟಿಲ್ಯನ ಅರ್ಥಶಾಸ್ತ್ರದ ಓಲೆಯ ಪ್ರತಿಯನ್ನು ಮೈಸೂರಿನಲ್ಲಿ ಕಂಡು 1909ರಲ್ಲಿ ಆರ್. ಶಾಮಶಾಸ್ತ್ರಿಗಳು ಅಚ್ಚುಹಾಕಿಸಿದರಷ್ಟೆ. ಅದರ ಎರಡನೆಯ ಅಧಿಕರಣದಲ್ಲಿ ಸುರಾಧ್ಯಕ್ಷನೆಂಬ ಅಧಿಕಾರಿಗೆ ಒಂದು ಪ್ರಕರಣವೇ ಮೀಸಲಾಗಿದೆ. ಮೇದಕ, ಪ್ರಸನ್ನ, ಆಸವ, ಅರಿಷ್ಟ, ಮೈರೇಯ, ಮಧು ಎಂದು ಆರು ಬಗೆಗಳು. ಒಂದೊಂದಕ್ಕೂ ಅಳತೆ, ದ್ರವ್ಯ, ಮಸಾಲೆ. ಮಧುವೆಂದರೆ ಅಲ್ಲಿ ದ್ರಾಕ್ಷಾರಸ. ಹುಟ್ಟಿದ ಸೀಮೆಯಿಂದ ಅದಕ್ಕೆ ಕಾಪಿಶಾಯನ, ಹಾರಹೂರಕ ಎಂಬ ಹೆಸರುಗಳು. ಕಾಬೂಲಿನ ಉತ್ತರಕ್ಕಿದ್ದ ಕಾಪಿಶಿಯ ದ್ರಾಕ್ಷಿಗೂ ಅದರ ಮಧುವಿಗೂ ಹೆಸರನ್ನು ಸಾಧಿಸಲು ಪಾಣಿನಿಯಂಥ ಮಿತಭಾಷಿಯೇ ಒಂದು ಸೂತ್ರವನ್ನು ವ್ಯಯಮಾಡಿದ್ದಾನೆ! ದೂರದಿಂದ ಬಂದ ಸೀಸೆಗೆ ಮರ್ಯಾದೆಯು ಹೆಚ್ಚೆಂಬುದು ಹೊಸ ರೋಗವಲ್ಲವೆಂಬುದಕ್ಕೆ ಇದೊಂದು ನಿದರ್ಶನ. ಪಾನಗೃಹದಲ್ಲಿ ಬೇರೆ ಬೇರೆ ಕೋಣೆಗಳೂ ಮಂಚಗಳೂ ಆಸನಗಳೂ ಗಂಧಮಾಲ್ಯಗಳೂ ಇರಬೇಕೆಂದು ಕೌಟಿಲ್ಯನು ವಿಧಿಸುತ್ತಾನೆ. ಕೆಟ್ಟುಹೋದ ಸುರೆಯನ್ನು ಏನು ಮಾಡಬೇಕೆಂಬುದನ್ನೂ ಹೇಳುತ್ತಾನೆ: ದಾಸರಿಗೂ ಕೂಲಿಯಾಳುಗಳಿಗೂ ಸಂಬಳದ ಬದಲಿಗೆ ಕೊಡಬಹುದು, ಇಲ್ಲವೆ ಹಂದಿಗಳನ್ನು ಸಾಕುವುದಕ್ಕೆ ಉಪಯೋಗಿಸಬಹುದು. ಕ್ರೂರವಾದ ಮಾತು, ಆದರೂ ಇದರಲ್ಲಿ ಕಪಟವಿಲ್ಲ. ಆಳಿಗೆ ಕೆಟ್ಟದ್ದನ್ನು ಕೊಟ್ಟು, ಆಳಿನ ಅಭಿರುಚಿಯೇ ಕೆಟ್ಟದ್ದೆಂದು ಅವನು ಹೇಳಲಿಲ್ಲ. ಆ ಮಾತನ್ನು ಹೇಳುವುದು ಇಂದಿನ ಸಭ್ಯರು.

ಅಭಿರುಚಿಯ ಮಾತು ಬಂದುದರಿಂದ ರುಚಿಯ ವಾದವನ್ನು ನೋಡಬೇಕು. ನಾಲಗೆಗೆ ನಾಲಗೆಗೆ ಭೇದವುಂಟು. ಒಬ್ಬನಿಗೆ ಹುಳಿ ಸೇರುವುದು, ಒಬ್ಬನಿಗೆ ಹೊಗೆಯ ವಾಸನೆ ಸೇರುವುದು. ಇದರಲ್ಲಿ ಯಾರಿಗೂ ವಿವಾದವಿಲ್ಲ. ಚರಕನು ಸೂತ್ರಸ್ಥಾನದಲ್ಲಿ ಧಾನ್ಯ, ಫಲ, ಮೂಲ, ಸಾರ, ಪುಷ್ಪ, ಕಾಂಡ, ಪತ್ರ, ತ್ವಕ್ಕು, ಶರ್ಕರೆ ಎಂಬ ಒಂಬತ್ತು ಯೋನಿಗಳಿಂದ 84 ಆಸವಗಳನ್ನು ಎಣಿಸಿದನು. ಮದಾತ್ಯಯ ಚಿಕಿತ್ಸೆಯಲ್ಲಿ ವಾತಪ್ರಕೃತಿಯವನಿಗೆ ಬೆಲ್ಲದ ಮತ್ತು ಹಿಟ್ಟಿನ ಮದ್ಯವೂ, ಕಫಪಿತ್ತಗಳು ಅಧಿಕವಾದವನಿಗೆ ದ್ರಾಕ್ಷಿಯ ಮತ್ತು ಮಧುವಿನ ಮದ್ಯವೂ ಹಿತವೆಂದನು. ಇದು ದೇಹವನ್ನು ನೋಡಿ ಹೇಳಿದ ಭೇದ. ಆ ವೈದ್ಯನು ರೋಗಿಯ ನಾಡಿಯನ್ನು ಹಿಡಿದನೇ ಹೊರತು ಅವನ ಬಂಗಲೆಯನ್ನು ನೋಡಲಿಲ್ಲ.

ಇಂದಿನ ರುಚಿಯು ಅಂಥದೇ ಆಗಿದ್ದರೆ ಈ ಬರಹಕ್ಕೆ ಅವಕಾಶವೇ ಇರುತ್ತಿರಲಿಲ್ಲ. ಆದರೆ ಸೀಸೆಯೊಳಗೆ ಇರುವುದೇನೆಂದು ಸ್ವಲ್ಪ ವಿಚಾರಿಸಿದರೆ ರುಚಿಯ ವಾದವು ಕುಸಿಯುತ್ತದೆ. ಈ ದೇಶದಲ್ಲಿ ವಿಸ್ಕಿಯೆಂಬ ಹೆಸರಿನಿಂದ ಮಾರಾಟವಾಗುವುದರಲ್ಲಿ ಬಹುಪಾಲು ಸ್ಕಾಟ್ಲೆಂಡಿನ ಕ್ರಮದ ವಿಸ್ಕಿಯಲ್ಲ. ಸಕ್ಕರೆಯ ಕಾರ್ಖಾನೆಗಳಲ್ಲಿ ಕಬ್ಬಿನ ಹಾಲು ಕುದಿದು ಸಕ್ಕರೆಯ ಹರಳುಗಳು ಬೇರ್ಪಟ್ಟ ಮೇಲೆ ಉಳಿಯುವ ಕರಿಯ ಪಾಕಕ್ಕೆ ಕಾಕಂಬಿಯೆಂದು ಹೆಸರು. ಅದನ್ನು ಹುಳಿಯಿಸಿ, ಎತ್ತರವಾದ ಕಂಬಗಳಲ್ಲಿ ಬಟ್ಟಿಯಿಳಿಸಿದರೆ ಬಣ್ಣವೂ ವಾಸನೆಯೂ ಇಲ್ಲದ ಮದ್ಯಸಾರವು ದೊರೆಯುತ್ತದೆ. ಅದಕ್ಕೆ ನೀರು ಬೆರೆಸಿ, ಸುಟ್ಟ ಸಕ್ಕರೆಯ ಬಣ್ಣ ಕೊಟ್ಟು, ಪರಿಮಳವನ್ನೋ ಇಲ್ಲವೆ ಸ್ವಲ್ಪ ಮಾಲ್ಟಿನ ಸಾರವನ್ನೋ ಕೂಡಿಸಿದರೆ ವಿಸ್ಕಿ. ಬೇರೆ ಪರಿಮಳವನ್ನು ಕೂಡಿಸಿದರೆ ಅದೇ ಬ್ರಾಂದಿ. ಬೆಲೆಯು ಏರಿದ ಹಾಗೆ ಮಾಲ್ಟಿನ ಪಾಲು ಏರುವುದುಂಟು. ಈಚೆಗೆ ಅಕ್ಕಿ, ಮೆಕ್ಕೆಜೋಳಗಳ ಮದ್ಯಸಾರವನ್ನು ಉಪಯೋಗಿಸುವವರೂ ಹೆಚ್ಚಿದ್ದಾರೆ. ಆದರೂ ಸಾಮಾನ್ಯವಾದ ಸೀಸೆಯ ಜೀವವು ಕಾಕಂಬಿ. ಯೂರೋಪಿನ ಒಕ್ಕೂಟದ ಕಾಯಿದೆಯಂತೆ ವಿಸ್ಕಿಯೆನ್ನಿಸಿಕೊಳ್ಳಬೇಕಾದರೆ ಅದು ಧಾನ್ಯದಿಂದಲೇ ಆಗಿರಬೇಕು, ಮರದ ಪೀಪಾಯಿಯಲ್ಲಿ 3 ವರ್ಷಗಳಾದರೂ ಇರಬೇಕು. ಕಾಕಂಬಿಯ ಸಾರವು ಅಲ್ಲಿ ವಿಸ್ಕಿಯ ಹೆಸರಿನಿಂದ ಅಂಗಡಿಯನ್ನು ಹೊಗಲಾರದು. ವಿಜ್ಞಾನೇಶ್ವರನನ್ನು ಕೇಳಿದರೆ ಅವನೂ ಕ್ಷಣಮಾತ್ರ ತಡೆಯದೆ ಇದಕ್ಕೆ ಹೆಸರು ಹೇಳುತ್ತಿದ್ದನು: ಗೌಡೀ.

ಈಗ ಸಾರಾಯಿಯ ಕಥೆಯನ್ನು ಕೇಳಬೇಕು. 2007ನೆಯ ಇಸವಿಯ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿಯು ನಿಷಿದ್ಧವಾಯಿತು. ಅದಕ್ಕೆ ಮುಂಚೆ ಪ್ಲಾಸ್ಟಿಕ್ಕಿನ ಪೊಟ್ಟಣಗಳಲ್ಲಿ ಕೂಲಿಕಾರರು ಕೊಂಡು ಕುಡಿಯುತ್ತಿದ್ದ ಆ ಸಾರಾಯಿಯು ಏನಾಗಿತ್ತು? ಅದೇ ಕಾಕಂಬಿಯಿಂದ ಇಳಿಸಿದ ಮದ್ಯಸಾರಕ್ಕೆ ನೀರು ಬೆರೆಸಿದುದು. ಬಣ್ಣವಿಲ್ಲ, ಚೀಟಿಯಿಲ್ಲ, ಗಾಜಿಲ್ಲ. ಉಳಿದದ್ದೆಲ್ಲ ಒಂದೇ ತಾಯಿಯ ಮಕ್ಕಳು. ಪೊಟ್ಟಣದಲ್ಲಿದ್ದಾಗ ಅದು ಸಂಸಾರಗಳನ್ನು ಹಾಳುಮಾಡುವ ಪಿಶಾಚಿ. ಸೀಸೆಯಲ್ಲಿದ್ದಾಗ ಅದು ಅತಿಥಿಸತ್ಕಾರ. ಈಚಲ ಮರದ ಕೆಳಗೆ ಕುಳಿತು ಮಜ್ಜಿಗೆ ಕುಡಿದರೂ ಹೆಂಡವೆನ್ನುತ್ತಾರೆಂಬ ಗಾದೆಯುಂಟಷ್ಟೆ. ತೂಗುದೀಪದ ಕೆಳಗೆ ಕುಳಿತು ಸಾರಾಯಿ ಕುಡಿದರೆ ಮಜ್ಜಿಗೆಯೆನ್ನುತ್ತಾರೆಂಬ ಅದರ ಉತ್ತರಾರ್ಧವನ್ನು ಹಿರಿಯರು ಹೇಳುವುದಕ್ಕೆ ಮರೆತರು.

ಸಾರಾಯಿಯನ್ನು ನಿಲ್ಲಿಸಿದುದು ತಪ್ಪೆಂದು ಇದರ ತಾತ್ಪರ್ಯವಲ್ಲ. ನೆರೆಯ ಆಂಧ್ರದಲ್ಲಿ ನೆಲ್ಲೂರು ಜಿಲ್ಲೆಯ ಹಳ್ಳಿಯ ಹೆಂಗಸರು ಬೀದಿಗಿಳಿದು ಅಂಗಡಿಗಳನ್ನು ಮುಚ್ಚಿಸಿದ ಮೇಲೆ 1993ರಲ್ಲಿ ಅಲ್ಲಿ ಸಾರಾಯಿಯು ನಿಂತಿತು. ಕೂಲಿಯ ಹಣವೆಲ್ಲ ಸಂಜೆಯೊಳಗೆ ಅಂಗಡಿಯ ಪಾಲಾಗುತ್ತಿದ್ದಾಗ ಆ ತಾಯಂದಿರು ಬೇರೇನು ಮಾಡಬೇಕಾಗಿತ್ತು? ಅವರ ಹೋರಾಟಕ್ಕೆ ಕೈಮುಗಿಯಬೇಕು. ಆದರೆ ಅವರು ಹೊರದೂಡಿದ್ದು ಮದ್ಯವನ್ನು, ಪೊಟ್ಟಣವನ್ನಲ್ಲ. ಪೊಟ್ಟಣವು ಹೋಗಿ ಅದೇ ವಸ್ತುವು ಇನ್ನೂ ಹೆಚ್ಚಿನ ಬೆಲೆಗೆ, ಸಣ್ಣ ಸೀಸೆಯಲ್ಲಿ, ಅದೇ ಕೂಲಿಯವನ ಕೈಗೆ ಬಂದಿತು. ಮೇಲಿನ ಪಂಕ್ತಿಯವರು ತಮ್ಮ ಸೀಸೆಯು ಬೇರೆ ಜಾತಿಯದೆಂದು ನಂಬಿದ್ದುದರಿಂದಲೇ ಈ ಅದಲುಬದಲು ಯಾರ ಕಣ್ಣಿಗೂ ಬೀಳದೆ ನಡೆದುಹೋಯಿತು. ಪಂಕ್ತಿಭೇದವು ಬರಿಯ ಡಂಭವಾಗಿದ್ದರೆ ನಕ್ಕು ಸುಮ್ಮನಾಗಬಹುದಾಗಿತ್ತು. ಅದು ಕಾಯಿದೆಯ ಕಣ್ಣಿಗೂ ಪರೆ ಕಟ್ಟಿಸಿತು.

ಸೇಂದಿಯ ಪಾಡು ಇದಕ್ಕಿಂತಲೂ ವಿಚಿತ್ರವಾದುದು. ಕರಾವಳಿಯನ್ನುಳಿದು ಒಳನಾಡಿನ ಜಿಲ್ಲೆಗಳಲ್ಲಿ 2004ರಲ್ಲಿ ಅದನ್ನು ನಿಲ್ಲಿಸಲಾಯಿತು. ಈಚಲು, ತಾಳೆ, ಬಗನಿ, ತೆಂಗು ಇವುಗಳ ಹೊಂಬಾಳೆಯನ್ನೋ ಕಾಂಡವನ್ನೋ ಕೆತ್ತಿ ಮಡಕೆ ಕಟ್ಟಿದರೆ ರಾತ್ರಿಯೆಲ್ಲ ತೊಟ್ಟಿಕ್ಕುವ ರಸವು ಸಿಹಿಯಾದುದು. ಗಾಳಿಯಲ್ಲಿಯೂ ಮಡಕೆಯಲ್ಲಿಯೂ ಇರುವ ಸೂಕ್ಷ್ಮಜೀವಿಗಳು ಅದನ್ನು ಯಾರ ಅಪ್ಪಣೆಯನ್ನೂ ಕಾಯದೆ ಹುಳಿಯಿಸುತ್ತವೆ. ಬೆಳಗ್ಗೆ ಸಿಹಿ, ಮಧ್ಯಾಹ್ನಕ್ಕೆ ಅಮಲು, ಮರುದಿನಕ್ಕೆ ಹುಳಿನೀರು. ಅದರಲ್ಲಿ ಮದ್ಯಸಾರದ ಅಂಶವು ಸಾಮಾನ್ಯವಾಗಿ ನೂರಕ್ಕೆ 4ರಿಂದ 6; ಬೀರಿನಷ್ಟೇ. ಬಣ್ಣ ಕಟ್ಟಬೇಕಾಗಿಲ್ಲ, ಪರಿಮಳ ಕೂಡಿಸಬೇಕಾಗಿಲ್ಲ, ಕಾರ್ಖಾನೆ ಬೇಡ. ಅದರ ದೋಷವು ಒಂದೇ: ಇಡುವುದಕ್ಕೆ ಬರುವುದಿಲ್ಲ. ಇಡುವುದಕ್ಕೆ ಬಾರದುದು ದೂರಕ್ಕೆ ಹೋಗದು, ದೂರಕ್ಕೆ ಹೋಗದುದಕ್ಕೆ ಚೀಟಿಯಿಲ್ಲ, ಚೀಟಿಯಿಲ್ಲದುದಕ್ಕೆ ಮರ್ಯಾದೆಯಿಲ್ಲ. ಕಾಪಿಶಾಯನಕ್ಕೆ ಪಾಣಿನಿಯ ಸೂತ್ರವು ದೊರೆತುದೂ, ಊರ ಹಿತ್ತಿಲಿನ ಈಚಲಿಗೆ ಗಾದೆಯ ಅಪಹಾಸ್ಯವು ದೊರೆತುದೂ ಇದೊಂದೇ ಕಾರಣದಿಂದ.

ಸೇಂದಿಗೆ ಮತ್ತು ಬರಿಸುವ ಔಷಧಗಳನ್ನು ಬೆರೆಸುತ್ತಿದ್ದರು, ಅದಕ್ಕಾಗಿ ನಿಲ್ಲಿಸಬೇಕಾಯಿತು ಎಂಬ ಸಮಾಧಾನವುಂಟು. ಬೆರಕೆಯು ನಡೆಯುತ್ತಿದ್ದುದು ಸುಳ್ಳಲ್ಲ. ಕ್ಲೋರಲ್ ಹೈಡ್ರೇಟ್ ಬೆರೆಸಿದ ಹೆಂಡವು ವಿಷವೇ. ಆದರೆ ಹಾಲಿಗೆ ನೀರು ಬೆರೆಸಿದರೆ ಆಕಳನ್ನು ಕಟ್ಟಿಹಾಕುವುದುಂಟೇ? ಬೆರೆಸಿದವನನ್ನು ಹಿಡಿಯಲಾರದೆ ಮರವನ್ನು ಶಿಕ್ಷಿಸಿದ ಹಾಗಾಯಿತು. ಮರದೊಡನೆ ಮರ ಹತ್ತುತ್ತಿದ್ದವನಿಗೂ ಶಿಕ್ಷೆಯಾಯಿತು. ಈಡಿಗರ ಎಷ್ಟೋ ಮನೆಗಳಲ್ಲಿ ತಲೆಮಾರುಗಳಿಂದ ಬಂದ ಕಸುಬು ಒಂದು ಆಜ್ಞೆಯಿಂದ ಅಪರಾಧವಾಯಿತು. ಸೊಂಟಕ್ಕೆ ಹಗ್ಗ ಕಟ್ಟಿ, ಕತ್ತಿಯನ್ನು ಸಿಕ್ಕಿಸಿಕೊಂಡು ಮರವೇರುವುದಕ್ಕೆ ಬೇಕಾದ ಕೈಚಳಕವು ಒಂದು ತಲೆಮಾರು ಬಿಟ್ಟರೆ ಮತ್ತೆ ಬರುವುದಲ್ಲ. ಕರಾವಳಿಯ ಬಿಲ್ಲವರಲ್ಲಿ ಮೂರ್ತೆಯ ಕೆಲಸವು ಇನ್ನೂ ಉಳಿದಿದೆ. ಘಟ್ಟದ ಕೆಳಗೆ ಕಸುಬು, ಘಟ್ಟದ ಮೇಲೆ ಕಳವು! ಘಟ್ಟವನ್ನು ದಾಟುವುದರೊಳಗಾಗಿ ರಸದ ಗುಣವು ಬದಲಾಗುವುದೆಂದು ಯಾವ ರಸಾಯನಶಾಸ್ತ್ರಜ್ಞನೂ ಹೇಳಿಲ್ಲ.

ನಿಜವಾದ ಮಾಲ್ಟಿನ ವಿಸ್ಕಿಗೆ ಸಲ್ಲಬೇಕಾದುದನ್ನು ಸಲ್ಲಿಸಬೇಕು. 1948ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಅಮೃತ್ ಸಂಸ್ಥೆಯು ತನ್ನ ಮಾಲ್ಟ್ ವಿಸ್ಕಿಯನ್ನು 2004ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ಪಟ್ಟಣದಲ್ಲಿಯೇ ಮೊದಲು ಮಾರಾಟಕ್ಕಿಟ್ಟಿತು; ಕಮ್ಮಾರನ ಬೀದಿಯಲ್ಲಿ ಸೂಜಿ ಮಾರಿದ ಸಾಹಸವದು, ಸಫಲವೂ ಆಯಿತು. ಸ್ಕಾಟ್ಲೆಂಡಿನ ಚಳಿಯಲ್ಲಿ ಪೀಪಾಯಿಯಿಂದ ವರ್ಷಕ್ಕೆ ನೂರಕ್ಕೆ ಸುಮಾರು 2 ಪಾಲು ಆವಿಯಾಗಿ ಹೋದರೆ ಬೆಂಗಳೂರಿನ ಹವೆಯಲ್ಲಿ 10ಕ್ಕೂ ಮೇಲ್ಪಟ್ಟು ಹೋಗುತ್ತದೆ. ಅದರಿಂದಲೇ ಇಲ್ಲಿ ಅದು ಬೇಗ ಪಕ್ವವಾಗುತ್ತದೆ. ಇಂಥ ಕುಶಲ ಕೆಲಸವನ್ನು ಬಲ್ಲವನು ಮೆಚ್ಚಿ ಸ್ವೀಕರಿಸಿದರೆ ಅದು ರುಚಿ. ಆದರೆ ಮೆಚ್ಚಿಕೆಯು ಮರ ಹತ್ತುವವನ ಕುಶಲತೆಯನ್ನು ಹೀಯಾಳಿಸದೆ ನಿಲ್ಲಲಾರದೆಂದರೆ ಅದು ರುಚಿಯಲ್ಲ.

ಸಾಹಿತ್ಯದಲ್ಲಿಯೂ ಇದೇ ಏಣಿಯು ಕಾಣುತ್ತದೆ. ಮಧುಪಾನವರ್ಣನೆಯು ಮಹಾಕಾವ್ಯದ ಲಕ್ಷಣಗಳಲ್ಲೊಂದೆಂದು ದಂಡಿಯು ಹೇಳಿದುದರಿಂದ ಕವಿಗಳು ಕುಡಿಯದೆಯೂ ಬರೆದರು; ಪಂಪನ ವಿಕ್ರಮಾರ್ಜುನವಿಜಯದ ನಾಲ್ಕನೆಯ ಆಶ್ವಾಸದಲ್ಲಿಯೂ ಪಾನಗೋಷ್ಠಿಯು ಬರುತ್ತದೆ. ಅದು ಕಾವ್ಯಸಮಯ, ಇರಲಿ. ಈಚಿನ ಎರಡು ಕೃತಿಗಳನ್ನು ನೋಡಬೇಕು. ಡಿ. ವಿ. ಗುಂಡಪ್ಪನವರ ಉಮರನ ಒಸಗೆಯಲ್ಲಿ ಪಾರಸಿಕ ಕವಿಯ ದ್ರಾಕ್ಷಾರಸವು ಕನ್ನಡಕ್ಕೆ ಬಂದಿತು, ಜಿ. ಪಿ. ರಾಜರತ್ನಂ ಅವರ ರತ್ನನ ಪದಗಳಲ್ಲಿ ಹೆಂಡದ ಅಂಗಡಿಯು ಬಂದಿತು. ಎರಡನ್ನೂ ಕನ್ನಡದ ಮನೆಗಳು ಎತ್ತಿಕೊಂಡು ಮುದ್ದಿಸಿದವು. ಆದರೆ ಉಮರನ ಬಟ್ಟಲಿನಲ್ಲಿ ವೇದಾಂತವನ್ನು ಹುಡುಕುವ ಓದುಗರು ರತ್ನನ ಬುಂಡೆಯಲ್ಲಿ ತಮಾಷೆಯನ್ನು ಮಾತ್ರ ಹುಡುಕುತ್ತಾರೆ. ಹೆಂಡತಿಯ ಮೇಲೂ ಕನ್ನಡ ನುಡಿಯ ಮೇಲೂ ಆ ರತ್ನನಿಗಿದ್ದ ಮಮತೆಯಾದರೋ ನಗುವ ವಸ್ತುವಲ್ಲ. ದ್ರಾಕ್ಷಿಯ ಕುಡುಕನು ದಾರ್ಶನಿಕ, ಈಚಲ ಕುಡುಕನು ವಿದೂಷಕ! ವಿಜ್ಞಾನೇಶ್ವರನು ಶಾಸ್ತ್ರವನ್ನು ಬರೆದ ಕಲ್ಯಾಣದಲ್ಲಿಯೇ, ಅವನ ತರುವಾಯ, ಹೆಂಡ ಮಾರುವ ಕಾಯಕದ ಮಾರಯ್ಯನು ಶರಣರ ಪಂಕ್ತಿಯಲ್ಲಿ ಕುಳಿತನು. ಹೆಂಡದ ಮಾರಯ್ಯನೆಂಬ ಹೆಸರನ್ನು ಅವನು ಬದಲಿಸಿಕೊಳ್ಳಲಿಲ್ಲ. ಆ ಕಾಯಕದ ಮಾತುಗಳನ್ನೇ ವಚನಗಳಿಗೆ ರೂಪಕವಾಗಿ ತಂದನು. ಅವನ ಪಕ್ಕದಲ್ಲಿ ಕುಳಿತವರು ಮೂಗು ಮುಚ್ಚಿಕೊಂಡರೆಂದು ಯಾರೂ ಬರೆದಿಲ್ಲ.

ಉಳಿದದ್ದು ಆರೋಗ್ಯದ ವಾದ. ಇದಕ್ಕೆ ಹೆಚ್ಚು ಮಾತು ಬೇಕಾಗಿಲ್ಲ, ಪ್ರಾಥಮಿಕ ಶಾಲೆಯ ಲೆಕ್ಕವು ಸಾಕು. ನೂರಕ್ಕೆ 42.8 ಅಂಶವುಳ್ಳ ವಿಸ್ಕಿ 30 ಮಿಲಿಲೀಟರು, 13 ಅಂಶದ ವೈನು 100 ಮಿಲಿಲೀಟರು, 5 ಅಂಶದ ಬೀರು 250 ಮಿಲಿಲೀಟರು, ಅಷ್ಟೇ ಅಂಶದ ಸೇಂದಿಯೂ 250 ಮಿಲಿಲೀಟರು: ನಾಲ್ಕರಲ್ಲಿಯೂ ಮದ್ಯಸಾರವು ಸುಮಾರು 10 ಗ್ರಾಂ. ಯಕೃತ್ತಿಗೆ ಓದುವುದಕ್ಕೆ ಬಾರದುದರಿಂದ ಚೀಟಿಯನ್ನು ನೋಡಿ ಅದು ರಿಯಾಯಿತಿ ತೋರಿಸುವಂತಿಲ್ಲ. ಮದ್ಯವು ಅರ್ಬುದರೋಗಕ್ಕೆ ಕಾರಣವಾದ ವಸ್ತುಗಳಲ್ಲೊಂದೆಂದು ಅಂತಾರಾಷ್ಟ್ರೀಯ ಸಂಶೋಧಕ ಮಂಡಲಿಯು 1988ರಲ್ಲಿಯೇ ನಿರ್ಣಯಿಸಿತು. ನಿರಪಾಯವೆನ್ನಬಹುದಾದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ಸಾರಿತು. ಈ ನಿರ್ಣಯಗಳಲ್ಲಿ ವಿಸ್ಕಿಗೆ ಬೇರೆ ಮಣೆ, ಸೇಂದಿಗೆ ಬೇರೆ ಮಣೆ ಇಲ್ಲ. ವೈನು ಹೃದಯಕ್ಕೆ ಹಿತವೆಂದು ಊಟದ ಮೇಜಿನಲ್ಲಿ ಉಪನ್ಯಾಸ ಮಾಡುವವರು ಸೇಂದಿಯ ವಿಷಯದಲ್ಲಿ ಎಂದಾದರೂ ಅಷ್ಟು ಉದಾರವಾದ ವೈದ್ಯಶಾಸ್ತ್ರವನ್ನು ಹೇಳಿದ್ದುಂಟೇ?

ಹಾಗಾದರೆ ಕುಡಿಯದವನು ಕುಡಿಯದಿರಲಿ. ಆ ವ್ರತಕ್ಕೆ ಯಾವ ಪಾನವೂ ಸಮವಲ್ಲ. ಎಲ್ಲವನ್ನೂ ನಿಷೇಧಿಸಬೇಕೆನ್ನುವವರು, ಸಂವಿಧಾನದ 47ನೆಯ ವಿಧಿಯನ್ನು ಹಿಡಿದು, ಗಾಜಿನ ಸೀಸೆಯಿಂದಲೇ ಆರಂಭಿಸಲಿ. ಕುಡಿಯುವುದಕ್ಕೆ ಬಿಡಬೇಕೆನ್ನುವವರು ಮರಕ್ಕೂ ಬಿಡಲಿ. ಇವೆರಡೂ ಆಗದಿದ್ದರೆ, ಒಂದು ಸಣ್ಣ ಕೆಲಸವನ್ನಾದರೂ ಸರಕಾರವು ಮಾಡಿಸಬಹುದು. ಪ್ರತಿಯೊಂದು ಸೀಸೆಯ ಮೇಲೂ, ಬಂಗಾರದ ಸಿಂಹಗಳೂ ಕುದುರೆಗಳೂ ಕಿರೀಟಗಳೂ ಇರುವ ಜಾಗದಲ್ಲಿಯೇ, ಒಳಗಿರುವುದು ಯಾವುದರಿಂದಾದುದೆಂದು ಕನ್ನಡದ ದಪ್ಪ ಅಕ್ಷರಗಳಲ್ಲಿ ಅಚ್ಚುಹಾಕಿಸಲಿ: ಕಾಕಂಬಿಯದು, ಜೋಳದ್ದು, ಜವೆಗೋದಿಯದು, ದ್ರಾಕ್ಷಿಯದು ಎಂದು. ನಡುಮನೆಯ ಗಾಜಿನ ಬೀರುವಿನಲ್ಲಿ ಆಗ ಯಾವ ಸೀಸೆಯು ಮುಂದೆ ನಿಲ್ಲುವುದೋ, ಯಾವುದು ಬೆನ್ನು ತಿರುಗಿಸಿಕೊಂಡು ಹಿಂದಕ್ಕೆ ಸರಿಯುವುದೋ ನೋಡಬಹುದು.